ಚಂಪಾವತಿಯ ಹಸಿಪಟ

ಬೆಳಗಿನ ಚಹಾ ಬರುವ ಮೊದಲೇ ಅಡಿವೆಪ್ಪ ಕಂಚಗಾರನ ಮುಂದೆ ಮೂರನೆಯ ತಿಮಿಂಗಿಲ ಬಂದು ನಿಂತಿತು. ಮೊದಲನೆಯದು ದುರ್ಗದಬೈಲಿನ ಬಟ್ಟೆ ವ್ಯಾಪಾರಿಯೊಬ್ಬನ ಕನಸು. ಎರಡನೆಯದು ನವನಗರದ ಕಾಲೇಜು ಹುಡುಗಿಯದು. ಇದು ಯಾರೋ ನಿವೃತ್ತ ಹವಾಲ್ದಾರನದು. ಮೂರು ತಿಮಿಂಗಿಲಗಳೂ ಮೋಡಗಳ ನಡುವೆ ಈಜುತ್ತಿದ್ದವು. ಮೂರರ ಕೆಳಗೂ ಒಬ್ಬ ಮನುಷ್ಯ ಕೊಡೆ ಹಿಡಿದು, ನೋಡುವವರಿಗೆ ಬೆನ್ನು ಹಾಕಿ ನಿಂತಿದ್ದ.

“ಅರ್ಷಿಯಾ, ಈ ಹವಾಲ್ದಾರ ತನ್ನ ಜನ್ಮದಾಗ ತಿಮಿಂಗಿಲ ನೋಡ್ಯಾನಂತೇನು?”

“ಟೀವಿಯೊಳಗ ನೋಡಿರಬಹುದಲ್ರಿ ಸರ್,” ಎಂದಳು ಪಕ್ಕದ ಪರದೆಯ ಮುಂದೆ ಕೂತ ಅರ್ಷಿಯಾ ಕಿತ್ತೂರ, ತಲೆ ಎತ್ತದೆ. ಕನಸುಗನ್ನಡಿ ಕಂಪನಿಯ ಹುಬ್ಬಳ್ಳಿ ಕೇಂದ್ರಕ್ಕೆ ಅವಳೇ ಇಂಜಿನಿಯರು. ದಿನಾ ರಾಶಿ ರಾಶಿ ಕನಸು ದಾಟಿಸುವವಳಿಗೆ ತಿಮಿಂಗಿಲವೂ ಒಂದೇ, ತಿಗಣೆಯೂ ಒಂದೇ.

“ನಮ್ಮ ಊರಾಗ ಸಮುದ್ರ ಇಲ್ಲ. ಉಣಕಲ್ ಕೆರ್ಯಾಗ ಸಣ್ಣ ಮೀನ ಅಷ್ಟ ಅದಾವು. ಹಂಗಿದ್ರ ಮಂದಿಗೆಲ್ಲಾ ತಿಮಿಂಗಿಲದ ಕನಸ ಹೆಂಗ ಬೀಳ್ತಾವು ಹೇಳು?”

ಉತ್ತರ ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಇಲ್ಲಿ ಕೂತು ಸಂಬಳ ಎಣಿಸುತ್ತಿದ್ದೇನಲ್ಲ ಎಂದು ಅಡಿವೆಪ್ಪನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಕನಸುಗನ್ನಡಿ ಎಂದರೆ ನೋಡಲಿಕ್ಕೆ ಮಂಕಿಟೋಪಿಯಂಥ ಒಂದು ಟೋಪಿ. ಹಾಕಿಕೊಂಡು ಮಲಗಬೇಕು. ಎಚ್ಚರದಲ್ಲಿ ಕಣ್ಣು ಕಂಡದ್ದನ್ನು ಅರಿಯುವ ಮಿದುಳಿನ ಹಿಂಭಾಗ ಕನಸಿನಲ್ಲೂ ಹಾಗೆಯೇ ಕೆಲಸ ಮಾಡುತ್ತದೆ. ಅಲ್ಲಿ ಹುಟ್ಟುವ ಕಾಂತೀಯ ಏರಿಳಿತಗಳನ್ನು ಟೋಪಿಯೊಳಗಿನ ಸಂವೇದಕಗಳು ಹಿಡಿದು ಕಂಪ್ಯೂಟರಿಗೆ ಕೊಡುತ್ತವೆ. ಅದರಿಂದ ಮೊದಲು ಮೂಡುವ ಚಿತ್ರಕ್ಕೆ ಹಸಿಪಟ ಎಂದು ಹೆಸರು. ಬೂದುಬಣ್ಣದ, ಅಂಚು ಗೊತ್ತಾಗದ, ತಳ ಹತ್ತಿದ ಅಂಬಲಿಯಂಥ ಚಿತ್ರ ಅದು. ದುಡ್ಡು ಕೊಟ್ಟು ಅದನ್ನು ಗೋಡೆಗೆ ತೂಗುಹಾಕುವ ಗಂಡಸು ಇನ್ನೂ ಹುಟ್ಟಿಲ್ಲ. ಅದಕ್ಕೇ ಎರಡನೆಯ ಯಂತ್ರವೊಂದಿದೆ, ತುಂಬಿಕೆ ಎಂದು. ಜಗತ್ತಿನ ಚಿತ್ರಶಾಲೆಗಳನ್ನೂ ಜಾಹೀರಾತುಗಳನ್ನೂ ಫೋಟೋಗಳನ್ನೂ ನುಂಗಿ ಕೂತ ಆ ಯಂತ್ರ ಹಸಿಪಟವನ್ನು ನೋಡಿ, ಇದು ಇಂಥದ್ದೇ ಇರಬೇಕೆಂದು ಊಹಿಸಿ, ಬಣ್ಣ ತುಂಬಿ, ಕಣ್ಣು ಕೋರೈಸುವ ಪಟ ಮಾಡಿ ಕೊಡುತ್ತದೆ. ಅಡ್ಡ ಮಲಗಿದ ಕಲೆ ಕಂಡರೆ ತಿಮಿಂಗಿಲ. ನೆಟ್ಟಗೆ ನಿಂತ ಕಲೆ ಕಂಡರೆ ಕೊಡೆಯವನು.

ಜನ ಅದನ್ನು ಎಷ್ಟು ಹಚ್ಚಿಕೊಂಡರೆಂದರೆ ಪಡಸಾಲೆಯಲ್ಲಿ ದೇವರ ಪಟಗಳ ಸಾಲಿಗೇ ಕನಸಿನ ಪಟಗಳೂ ಬಂದು ಕೂತವು. ಗಂಡಿನ ಕಡೆಯವರು ಜಾತಕದ ಜೊತೆ ಹುಡುಗಿಯ ಕನಸಿನ ಪಟವನ್ನೂ ಕೇಳತೊಡಗಿದರು. ಹೆಡೆ ಎತ್ತಿದ ಹಾವು ಬಂದಿದೆಯೆಂದು ಕುಸುಗಲ್ ರಸ್ತೆಯ ಒಂದು ಸಂಬಂಧ ಮುರಿದೇಬಿತ್ತು. ಆ ಹುಡುಗಿ ಕಂಡದ್ದು ನೀರಿನ ಪೈಪಿರಬಹುದು, ಹಾವು ಯಂತ್ರ ತುಂಬಿದ್ದಿರಬಹುದು ಎಂದು ಹೇಳುವವರಾರು? ಹೇಳಬೇಕಾದವನು ಅಡಿವೆಪ್ಪ. ಅವನ ಬಾಯಿಗೆ ಸಲಹೆಗಾರ ಎಂಬ ಹುದ್ದೆಯ ಬೀಗ ಬಿದ್ದಿತ್ತು.

ಅವನು ನಲವತ್ತು ವರ್ಷ ಎಣ್ಣೆಬಣ್ಣದಲ್ಲಿ ಅತಿವಾಸ್ತವ ಚಿತ್ರಗಳನ್ನು ಬರೆದವನು. ಎಚ್ಚರದ ಲೆಕ್ಕ ಬಿಟ್ಟು ಕನಸಿನ ಲೆಕ್ಕದಲ್ಲಿ ಬರೆಯುವ ಚಿತ್ರಗಳು ಅವು. ನೀರಿನ ನಡುವೆ, ಗೋಡೆಯೇ ಇಲ್ಲದೆ, ಒಂಟಿಯಾಗಿ ನಿಂತ ಬಾಗಿಲು ಎಂದರೆ ಕಂಚಗಾರನದೇ ಎಂದು ಬಲ್ಲವರು ಗುರುತಿಸುತ್ತಿದ್ದರು. ಚಿತ್ರಕಲಾ ಕಾಲೇಜಿನಿಂದ ನಿವೃತ್ತನಾದ ಮೇಲೆ ಕೇಂದ್ರದ ಮ್ಯಾನೇಜರ್ ಪ್ರಫುಲ್ಲ ಮೆಹರವಾಡೆ ಮನೆಗೇ ಬಂದು ಕರೆದಿದ್ದ. “ನಿಮ್ಮಂಥ ಹಳೇ ಕೈ ನಮ್ಮ ಪಟಕ್ಕ ಶಹಬ್ಬಾಸ್ ಅಂದ್ರ ಅದರ ಕಿಮ್ಮತ್ತ ಬ್ಯಾರೆ ಸರ್,” ಎಂದಿದ್ದ. ಬಂದ ಪಟಗಳು ಎಷ್ಟರಮಟ್ಟಿಗೆ ಅತಿವಾಸ್ತವ ಎಂದು ಅಂಕ ಹಾಕುವುದು ಕೆಲಸ. ಒಳಗೆ ಹೊಕ್ಕು ಈ ಸುಳ್ಳನ್ನು ಸರಿಮಾಡಿಯೇನು ಎಂದುಕೊಂಡು ಅಡಿವೆಪ್ಪ ಒಪ್ಪಿಕೊಂಡ. ಕೊಚ್ಚೆ ತೊಳೆಯಲು ಹೋದವನ ಕಾಲೇ ಕೊಚ್ಚೆಯಾಯಿತು.

“ನಾವು ಒಂದ ಚಿತ್ರಕ್ಕ ಎರಡೆರಡು ತಿಂಗಳ ಕೂತಿರ್ತಿದ್ವಿ,” ಎಂದು ಆವತ್ತೂ ಅರ್ಷಿಯಾಳೊಡನೆ ಶುರುಮಾಡಿದ. “ಎಣ್ಣೆಬಣ್ಣ ಒಣಗಬೇಕು. ಅದು ಒಣಗೂದ್ರೊಳಗ ಮನಸ್ಸು ಬದಲಾಗಬೇಕು. ಕೈ ಒಂದ್ಕಡೆ ತಪ್ಪಬೇಕು, ಆ ತಪ್ಪಿನ್ಯಾಗ ಏನರ ಹೊಸಾದು ಕಾಣಬೇಕು. ನಿನ್ನ ಯಂತ್ರ ಕಣ್ಣ ಪಿಳುಕಿಸೂದ್ರೊಳಗ ಕಕ್ಕಿಬಿಡ್ತೈತಿ. ಅದಕ್ಕ ಕಾಯೂದ ಗೊತ್ತಿಲ್ಲ.”

“ಸರ್, ನೀವೂ ಹಿರ್ಯಾರ ಚಿತ್ರ ನೋಡೇ ಕಲ್ತೀರಿ. ಅದೂ ನೋಡೇ ಕಲ್ತೈತಿ. ನಿಮ್ಮದು ಸಾವಕಾಶ, ಅದರದು ಜೋರು. ಮತ್ತೇನ್ ಫರಕ್ ಹೇಳ್ರಿ?”

ಫರಕು ಇದೆ ಎಂಬುದು ಅವನಿಗೆ ಖಾತ್ರಿ. ಹೇಳಲಿಕ್ಕೆ ಹೋದರೆ ಬಾಯಿಗೆ ಬರಲೊಲ್ಲದು. ಹವಾಲ್ದಾರನ ತಿಮಿಂಗಿಲಕ್ಕೆ ಹತ್ತಕ್ಕೆ ಮೂರು ಅಂಕ ಹಾಕಿ, ಮೆಹರವಾಡೆ ಅದನ್ನು ಏಳು ಮಾಡುತ್ತಾನೆಂದು ಗೊತ್ತಿದ್ದೇ, ಅವನು ಪರದೆ ಸರಿಸಿದ.

ಉಣಕಲ್ಲಿನ ಅವನ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಬೆಳಗಿನ ಚಹಾದ ಹೊತ್ತಿಗೆ ಯಾರೂ ಕನಸಿನ ಸುದ್ದಿ ಎತ್ತಬಾರದು. ಅಡಿವೆಪ್ಪ ಮೊದಲು ತನ್ನ ಕನಸನ್ನು ಪೆನ್ಸಿಲಿನಲ್ಲಿ ಗೀಚಿಕೊಳ್ಳಬೇಕು, ಮಾತಾಡಿದರೆ ಕನಸು ಕೆಡುತ್ತದೆ. ಮದುವೆಯಾದ ಹೊಸತರಲ್ಲಿ ಅವನೇ ಮಾಡಿದ ಕಟ್ಟಳೆ. ಹೆಂಡತಿ ಚಂಪಾವತಿ ಒಂದೆರಡು ಸಲ “ರೀ, ನನಗೊಂದು ಕನಸ ಬಿದ್ದಿತ್ತು” ಎಂದು ಬಾಯಿ ತೆರೆದು ಬೈಸಿಕೊಂಡಳು. ಗೀಚುವುದು ಮುಗಿಯುವಷ್ಟರಲ್ಲಿ ಅವಳಿಗೆ ಶಾಲೆಯ ಗಂಟೆ, ಅವನಿಗೆ ಕಾಲೇಜಿನ ಗಂಟೆ. ಹೀಗೆ ಮೂವತ್ತೆಂಟು ವರ್ಷ ಕಳೆದು, ಹೆಂಡತಿಯ ಒಂದು ಕನಸೂ ಅವನ ಕಿವಿಗೆ ಬಿದ್ದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಕನಸಿಗೂ ಅದೇ ಮಾತು.

ಚಂಪಾವತಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಗ್ಲಾಕೋಮಾ ಬಂದು ಎಂಟು ವರ್ಷದ ಹಿಂದೆ ಎರಡೂ ಕಣ್ಣು ಹೋಗಿದ್ದವು. ನಾಲಿಗೆಯ ಹರಿತ ಮಾತ್ರ ಹಾಗೇ ಉಳಿದಿತ್ತು.

“ರೀ, ನನ್ನ ಒಮ್ಮೆ ನಿಮ್ಮ ಕಂಪನಿಗೆ ಕರ್ಕೊಂಡು ಹೋಗ್ರಿ,” ಎಂದಳು ಒಂದು ಬೆಳಿಗ್ಗೆ, ಚಹಾದ ಬಸಿಯನ್ನು ತಡವಿ ಕೆಳಗಿಡುತ್ತ. “ಆ ಟೊಪಗಿ ಹಾಕ್ಕೋಬೇಕು.”

“ಆ ಸುಳ್ಳಿನ ಸಂತಿಗೆ ನೀ ಯಾಕ?”

“ಕನಸಿನ್ಯಾಗ ನನಗಿನ್ನೂ ಕಾಣ್ತೈತ್ರಿ. ಮೊದಲ ಎಲ್ಲಾ ಕಾಣ್ತಿತ್ತು. ಆಮ್ಯಾಲ ಮಾರಿಗೊಳು ಹೋದ್ವು, ನಿಮ್ಮದು, ನನ್ನದು, ಎಲ್ಲಾರದು. ಡಾಕ್ಟರ್ ಹೇಳಿದ್ರಲ್ಲ, ಕಣ್ಣು ಹೋಗಿ ವರ್ಷ ಕಳದಂಗ ಕನಸಿನ್ಯಾಗಿನ ಚಿತ್ರಾನೂ ಆರ್ತಾವು ಅಂತ. ಈಗ ಒಂದ ಕನಸ ಉಳದೈತಿ. ಅದರಾಗ ಅಷ್ಟ ಕಾಣ್ತೈತಿ. ಅದು ಹೋಗೂದ್ರೊಳಗ ನೀವು ಒಮ್ಮೆ ನೋಡಬೇಕು.”

“ನಾ ನೋಡಿ ಏನ್ ಮಾಡ್ಲಿ?”

“ಯಾರರ ಒಬ್ಬರು ನೋಡಿದ್ರ, ಅದು ಇತ್ತು ಅಂತ ಆಗ್ತೈತಿ. ಇಲ್ಲಂದ್ರ ನನ್ನ ಕೂಡನ ಆರಿಹೋಗ್ತೈತಿ.”

ಯಾವ ಕನಸು ಅದು ಎಂದು ಅಲ್ಲೇ ಕೇಳಿದ್ದರೆ ಈ ಕಥೆ ಅರ್ಧ ಕಪ್ ಚಹಾದಲ್ಲಿ ಮುಗಿಯುತ್ತಿತ್ತು. ಅಡಿವೆಪ್ಪ ಕೇಳಲಿಲ್ಲ. ಅವಳು ಮುಂದೆ ಹೇಳಲು ಹೊರಟದ್ದನ್ನೂ ಕೈ ಎತ್ತಿ ತಡೆದ. “ಹೇಳಬ್ಯಾಡ, ಹೇಳಿದ್ರ ಕೆಡ್ತೈತಿ,” ಎಂದ. ಕುರುಡಿಯ ಮುಂದೆ ಕೈ ಎತ್ತಿದೆನಲ್ಲ ಎಂಬುದೂ ಅವನಿಗೆ ಹೊಳೆಯಲಿಲ್ಲ.

ಕೇಂದ್ರದಲ್ಲಿ ಮಧ್ಯಾಹ್ನದ ನಿದ್ದೆಗೆಂದೇ ತಂಪು ಕೋಣೆಗಳಿದ್ದವು. ಚಂಪಾವತಿ ಟೋಪಿಯನ್ನು ಕೈಯಲ್ಲಿ ತಿರುಗಿಸಿ, ಒಳಗಿನ ಸಂವೇದಕಗಳ ಉಬ್ಬುಗಳನ್ನು ಬೆರಳಲ್ಲಿ ಮುಟ್ಟಿ ನೋಡಿ, ಅರ್ಷಿಯಾಳಿಗೆ ತರಗತಿಯ ಪ್ರಶ್ನೆ ಹಾಕಿದಳು.

“ಕಣ್ಣು ಹೋದವರ ಮಿದುಳಿನ್ಯಾಗ ನೋಡೂ ಜಾಗಾ ಮುಟ್ಟೂ ಕೆಲಸಕ್ಕೂ ಬೀಳ್ತೈತಿ ಅಂತ ಕೇಳೀನಿ. ನಾ ಕನಸಿನ್ಯಾಗ ಕಂಡದ್ದು, ಮುಟ್ಟಿದ್ದು ಎರಡೂ ಕಲಸಿಹೋಗೂದಿಲ್ಲೇನವಾ?”

“ಕಲಸ್ತೈತ್ರಿ ಟೀಚರ್. ಅದಕ್ಕ ನಿಮ್ಮದು ಹೆಂಗ ಬರ್ತೈತೋ ನನಗೂ ಕುತೂಹಲ ಐತಿ.” ಅರ್ಷಿಯಾ ಮೊದಲ ಸಲ ಪರದೆ ಬಿಟ್ಟು ತಲೆ ಎತ್ತಿ ಮಾತಾಡಿದ್ದಳು. “ಏನ್ ಕನಸ ಅಂತ ಮಾತ್ರ ಈಗ ಹೇಳಬ್ಯಾಡ್ರಿ. ಪಟ ಬರೂತನಕ ಗಿರಾಕಿ ಬಾಯಿ ಬಿಡಬಾರದು ಅಂತ ನಮ್ಮಲ್ಲಿ ನಿಯಮ ಐತಿ.”

“ನಮ್ಮ ಮನಿಯಾಗೂ ಅದ ನಿಯಮ ಐತಿ,” ಎಂದು ಚಂಪಾವತಿ ಮಲಗಿದಳು.

ಪರದೆಯ ಮೇಲೆ ಮೊದಲು ಬರಿಯ ಬೂದು. ಹೊತ್ತು ಹೋದ ಮೇಲೆ ನಡುವೆ ಒಂದು ಮಾಸಲು ಬಿಳುಪಿನ ಆಕಾರ ಮೂಡಿತು. ಹಿಂದೆ ದುಂಡಗೆ, ಮುಂದೆ ಬಾಯಿ ತೆರೆದ ಹಾಗೆ. ಅದರೊಳಗೆ ತೀರ ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ಎರಡು ಪಕ್ಕಕ್ಕೆ ಎರಡು ಉದ್ದ ಕಲೆಗಳು. ಎಲ್ಲವೂ ಮೇಲಕ್ಕೂ ಕೆಳಕ್ಕೂ ಒಂದೇ ಸಮನೆ ಕುಪ್ಪಳಿಸುತ್ತಿದ್ದವು.

“ಭಾಳ ಅಲುಗ್ಯಾಡಾಕತ್ತೈತ್ರಿ. ಹಿಂಗ ಕುಣಿದ್ರ ತುಂಬಿಕೆ ತಗೊಳ್ಳೂದಿಲ್ಲ,” ಎಂದು ಅರ್ಷಿಯಾ ಒಂದು ಗುಂಡಿ ಒತ್ತಿದಳು. ಆಕಾರ ಸ್ತಬ್ಧವಾಗಿ ನಿಂತಿತು. ಇನ್ನೊಂದು ಗುಂಡಿ ಒತ್ತಿದಳು. ಬಿಳಿ ಆಕಾರ ದೋಣಿಯಾಯಿತು, ಸುತ್ತಲೂ ನೀಲಿ ಆಕಾಶ ಹರಡಿತು, ಚುಕ್ಕೆಗಳು ನಕ್ಷತ್ರಗಳಾಗಿ ದೋಣಿಯ ಬಾಯಿಂದ ಸುರಿಯತೊಡಗಿದವು. ಕೆಳಗೆ ಕೊಡೆಯವನು ಬೆನ್ನು ತಿರುಗಿಸಿ ನಿಂತ.

ಮೆಹರವಾಡೆ ಬಂದು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡ. “ಕಣ್ಣಿಲ್ಲದವರಿಗೂ ನಕ್ಷತ್ರ ಕಾಣ್ತಾವು. ಸರ್, ಇದು ಚೆನ್ನಮ್ಮ ಸರ್ಕಲ್‌ದಾಗ ಬೋರ್ಡ್ ಆಗಬೇಕು,” ಎಂದ.

ಎಚ್ಚರಾದ ಚಂಪಾವತಿ ಎದ್ದು ಕೂತು, ಗಂಡನ ತೋಳು ಹಿಡಿದು ಕೇಳಿದಳು, “ಏನ್ ಬಂತ್ರಿ? ನೋಡಿದ್ರಿ?”

ಅಡಿವೆಪ್ಪ ಹಲ್ಲು ಕಡಿಯುತ್ತ ದೋಣಿಯನ್ನೂ ನಕ್ಷತ್ರವನ್ನೂ ವರ್ಣಿಸಿದ. ಅವಳ ಮುಖ ಮೊದಲು ಸಪ್ಪಗಾಯಿತು. ಆಮೇಲೆ ನಗು ಬಂತು, ಆ ನಗು ಚೆನ್ನಾಗಿರಲಿಲ್ಲ.

“ದೋಣಿ? ನಾ ಜನ್ಮದಾಗ ದೋಣಿ ಹತ್ತಿಲ್ಲ. ಫೇಲ್.”

“ನಾ ಹೇಳಲಿಲ್ಲ?” ಅಡಿವೆಪ್ಪನಿಗೆ ಒಳಗೊಳಗೇ ಹಿಗ್ಗು. “ಅರ್ಷಿಯಾ, ಆ ಹಸಿಪಟ ಒಂದು ಅಚ್ಚು ಹಾಕಿ ಕೊಡು. ಅದನ್ನ ಹೆಂಗ ತೆಗೀಬೇಕು ನಾ ತೋರಿಸ್ತೀನಿ. ಕೈ ಅಂದ್ರೇನು, ಯಂತ್ರ ಅಂದ್ರೇನು, ಒಮ್ಮೆ ಗೊತ್ತಾಗ್ಲಿ.”

“ಆತು,” ಎಂದಳು ಚಂಪಾವತಿ, ಟೀಚರಿನ ದನಿಯಲ್ಲಿ. “ಇಬ್ಬರಿಗೂ ಒಂದ ಪ್ರಶ್ನೆಪತ್ರಿಕೆ. ನಿಮ್ಮ ಉತ್ತರ ನಾ ಕೈಲೆ ಮುಟ್ಟಿ ನೋಡ್ತೀನಿ. ಆದ್ರ ಲಗೂ ಮಾಡ್ರಿ, ನನ್ನ ಹತ್ರ ಭಾಳ ದಿನಾ ಇಲ್ಲ.”

ಅಡಿವೆಪ್ಪನಿಗೆ ಲಗೂ ಎಂಬ ಪದವೇ ಆಗಿಬರುವುದಿಲ್ಲ. ಕ್ಯಾನ್ವಾಸು ಬಿಗಿದ, ಬಿಳಿ ಬಳಿದ, ಅಗಸೆಎಣ್ಣೆಯ ವಾಸನೆ ಮನೆ ತುಂಬ ಎಬ್ಬಿಸಿದ. ಹಸಿಪಟದ ಅಚ್ಚನ್ನು ಗೋಡೆಗೆ ಹಚ್ಚಿ ದಿಟ್ಟಿಸಿದ. ಏನೂ ಕಾಣಲಿಲ್ಲ. ತಲೆಕೆಳಗು ಮಾಡಿ ಹಚ್ಚಿದ. ಅಡ್ಡ ಹಚ್ಚಿದ. ಅಡ್ಡ ಹಚ್ಚಿದಾಗ ಆ ಎರಡು ಉದ್ದ ಕಲೆಗಳು ಚೌಕಟ್ಟಿನ ಮೇಲಿನ ಪಟ್ಟಿಯಂತೆ, ಕೆಳಗಿನ ಹೊಸ್ತಿಲಿನಂತೆ ಕಂಡವು. ಬಾಗಿಲು! ಚುಕ್ಕೆಗಳೆಂದರೆ ನೀರಿನ ಮೇಲಿನ ಬೆಳಕು. ಕಣ್ಣು ಕಳೆದುಕೊಂಡವಳು ಕತ್ತಲಿನಿಂದ ಬೆಳಕಿಗೆ ದಾಟುವ ಬಾಗಿಲು. ಇದಕ್ಕಿಂತ ಬೇರೆ ಅರ್ಥ ಉಂಟೇ?

ಅಲ್ಲಿಂದ ಕೈ ತಾನೇ ತಾನಾಗಿ ಓಡಿತು. ಅವಳು ಮುಟ್ಟಿ ತಿಳಿಯಬೇಕೆಂದು ಚಪ್ಪಟೆ ಅಲಗಿನಿಂದ ಬಣ್ಣವನ್ನು ದಪ್ಪಗೆ ಮೆತ್ತಿದ. ದಪ್ಪ ಬಣ್ಣ ಬೇಗ ಒಣಗದು. ಮೋಡ ಕವಿದರೆ ಮೋಡವನ್ನು ಬೈದ, ಬ್ರಶ್ಶಿನ ಕೂದಲು ಉದುರಿದರೆ ಅಂಗಡಿಯವನನ್ನು ಬೈದ. ಚಂಪಾವತಿ ನಡುನಡುವೆ ಬಾಗಿಲಲ್ಲಿ ಬಂದು ನಿಂತು, “ಇವತ್ತ ಮಸಕಾಗಿತ್ರಿ,” ಎನ್ನುವಳು. “ತಡಿ, ಇನ್ನೊಂದು ವಾರ,” ಎನ್ನುವನು. “ರೀ, ಇವತ್ತ ಅಂಚ ಅಷ್ಟ ಕಾಣ್ತು.” “ಹೇಳಬ್ಯಾಡ ಅಂದೀನಲ್ಲ, ಕೆಡಸ್ತೀ ಮತ್ತ.” ಅವಳು ಗೋಡೆ ಹಿಡಿದುಕೊಂಡು ಒಳಗೆ ಹೋಗುವಳು. ಅವಳ ಅವಸರ ಅವನಿಗೆ ಕಿರಿಕಿರಿ ಎನಿಸಿತೇ ಹೊರತು, ಆ ಅವಸರದಲ್ಲಿ ಏನಿದೆ ಎಂದು ಯೋಚಿಸಲಿಲ್ಲ.

ಕಡೆಗೊಂದು ದಿನ ಬಣ್ಣ ಒಣಗಿತು. ಅವಳ ಎರಡೂ ಕೈ ಹಿಡಿದು ತಂದು ಕ್ಯಾನ್ವಾಸಿನ ಮೇಲೆ ಇಟ್ಟ. ಬೆರಳುಗಳು ಮೇಲಿನಿಂದ ಶುರುವಾಗಿ ಎಡಗಂಬ ಇಳಿದು, ಹೊಸ್ತಿಲು ದಾಟಿ, ಬಲಗಂಬ ಹತ್ತಿ, ನೀರಿನ ಅಲೆಗಳ ಮೇಲೆ ಅಡ್ಡಾಡಿದವು.

“ಬಾಗಲಾ,” ಎಂದಳು.

“ಹೂಂ.”

“ನೀರಾಗ ನಿಂತ ಬಾಗಲಾ.”

“ಹೂಂ. ಎಚ್ಚರಕ್ಕೂ ಕನಸಿಗೂ ನಡುವಿನ...”

“ನಮ್ಮ ಲಗ್ನದ ವರ್ಷ ಇದ ಬಾಗಲಾ ತೆಗದಿದ್ರಿ. ನಾ ಕಣ್ಣಾರೆ ನೋಡೀನಿ. ನಿಮ್ಮ ಅವ್ವ ತೀರಿಕೊಂಡಾಗ ಇದ ಬಾಗಲಾ. ಬರಗಾಲದ ಚಿತ್ರ ಕೇಳಿದವರಿಗೂ ಇದ ಬಾಗಲಾ, ನೀರ ಅಷ್ಟ ಕಡಿಮಿ.” ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. “ಯಂತ್ರಕ್ಕ ತಿಮಿಂಗಿಲ, ನಿಮಗ ಬಾಗಲಾ. ಇಬ್ಬರೂ ಫೇಲ್.”

ಅವನ ಸಿಟ್ಟು ನೆತ್ತಿಗೇರಿತು. ಹಸಿಪಟದಲ್ಲಿ ಏನೂ ಇಲ್ಲ ಎಂದ, ಅಚ್ಚೇ ಸರಿಯಾಗಿಲ್ಲ ಎಂದ, ಆ ಹುಡುಗಿ ಗುಂಡಿ ಒತ್ತಿ ಕೆಡಿಸಿದಳು ಎಂದ.

“ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ.”

“ಮತ್ತ ಏನ್ ಕನಸದು? ಇಷ್ಟ ದಿನಾ ಬಾಯಿ ಮುಚ್ಕೊಂಡು ಕೂತಿಯಲ್ಲ, ಹೇಳಾಕ ಏನಾಗಿತ್ತು ನಿನಗ?”

“ನೀವು ಕೇಳೇ ಇಲ್ಲ,” ಎಂದಳು ಚಂಪಾವತಿ.

ಅವಳು ಕೂಗಿ ಹೇಳಿದ್ದರೆ ಅವನೂ ಕೂಗಬಹುದಿತ್ತು. ಹವಾಮಾನದ ಸುದ್ದಿ ಹೇಳುವಷ್ಟು ಸಾಮಾನ್ಯವಾಗಿ ಹೇಳಿದಳು. ಅಡಿವೆಪ್ಪ ಚಪ್ಪಲಿ ಮೆಟ್ಟಿ ಹೊರಬಿದ್ದು ಕೆರೆಯ ಏರಿಯ ಮೇಲೆ ಬಿಸಿಲಲ್ಲಿ ಸುತ್ತಿದ. ದಾರಿಯುದ್ದಕ್ಕೂ ಮೆಹರವಾಡೆಯನ್ನು ಬೈದ, ಯಂತ್ರವನ್ನು ಬೈದ, ಬೈಯಲು ಇನ್ನು ಯಾರೂ ಉಳಿಯದೆ ಹೋದಾಗ ತಾನೊಬ್ಬ ಉಳಿದ. ಯಂತ್ರಕ್ಕೂ ತನಗೂ ಏನು ಫರಕು ಎಂದು ಆ ಹುಡುಗಿ ಕೇಳಿದ್ದಳು. ಯಂತ್ರಕ್ಕೆ ಬಾಯಿ ಇಲ್ಲ, ಕೇಳಲು ಬಾರದು. ತನಗೆ ಬಾಯಿ ಇದ್ದೂ ಕೇಳಿರಲಿಲ್ಲ.

ಮನೆಗೆ ಬಂದು, ಅವಳ ಎದುರಿಗೆ ನೆಲದ ಮೇಲೆ ಕೂತು ಕೇಳಿದ, “ಏನ್ ಕನಸು ಹೇಳು ಚಂಪಾ.”

ಅವಳು ಸ್ವಲ್ಪ ಹೊತ್ತು ಕಾಯಿಸಿದಳು. ಕಾಯಿಸುವ ಹಕ್ಕು ಅವಳಿಗಿತ್ತು.

“ಜ್ವಾಳ ಹಸನ ಮಾಡ್ತಿರ್ತೀನ್ರಿ. ಅಷ್ಟ. ಹಿತ್ತಲದಾಗ ಕೂತು, ಮೊರದಾಗ ಬಿಳಿಜ್ವಾಳ ಹಾಕ್ಕೊಂಡು ಕೇರ್ತಿರ್ತೀನಿ. ಕಾಳು ಮ್ಯಾಲ ಹಾರಿ ಮತ್ತ ಮೊರಕ್ಕ ಬೀಳ್ತಾವು. ಒಂದೊಂದು ಕಾಳೂ ಕಾಣ್ತೈತಿ, ಅದರ ಮೂಗಿನ್ಯಾಗಿನ ಕರೀ ಚುಕ್ಕಿ ಸೈತ. ನನ್ನ ಕೈ ಕಾಣ್ತಾವು. ಹಸರ ಬಳಿ ಕಾಣ್ತಾವು. ಕಲ್ಲಿನ ಹರಳ ಕಂಡ್ರ ತಗದು ಒಗೀತೀನಿ. ಕಡೀಕ ಒಂದ ಹರಳ ಉಳೀತೈತಿ. ಅದಕ್ಕ ಕೈ ಹಾಕೂದ್ರೊಳಗ ಎಚ್ಚರ ಆಗಿಬಿಡ್ತೈತಿ.”

“ಇದರಾಗ ವಿಚಿತ್ರ ಏನೈತಿ?” ಎಂದ ಅಡಿವೆಪ್ಪ. ನಲವತ್ತು ವರ್ಷದ ಚಟ, ಬಾಯಿಂದ ಜಾರಿಬಿಟ್ಟಿತು.

“ಕಾಣ್ತೈತಲ್ರಿ,” ಎಂದಳು ಅವಳು. “ಅದ ವಿಚಿತ್ರ.”

ಅವನು ಎದ್ದು ಹೋಗಿ ಹಸಿಪಟದ ಅಚ್ಚನ್ನು ಗೋಡೆಯಿಂದ ಕಿತ್ತು ನೆಟ್ಟಗೆ ಹಿಡಿದು ನೋಡಿದ. ಮೊರ. ಹಿಂದೆ ದುಂಡಗೆ, ಮುಂದೆ ಬಾಯಿ ತೆರೆದ ಮೊರ. ಒಳಗೆ ಜೋಳ. ಎರಡು ಪಕ್ಕಕ್ಕೆ ಎರಡು ಕೈ. ಅಂಗೈ ಹುಣ್ಣಿಗೆ ಕನ್ನಡಿ ಹುಡುಕುತ್ತ ಅವನು ಇಷ್ಟು ದಿನ ಅದನ್ನು ಅಡ್ಡ ಮಾಡಿ ಹಚ್ಚಿಕೊಂಡು ಕೂತಿದ್ದ. ಯಂತ್ರ ಕುಣಿತವೆಂದು ನಿಲ್ಲಿಸಿದ್ದು ಅವಳು ಕೇರುತ್ತಿದ್ದದ್ದನ್ನು.

ಮರುದಿನವೇ ಕೇಂದ್ರಕ್ಕೆ ಓಡಿದ. ಆ ಹಸಿಪಟವನ್ನು ನಿಲ್ಲಿಸದೆ, ತುಂಬದೆ, ಇದ್ದ ಹಾಗೇ ಒಮ್ಮೆ ತೋರಿಸು ಎಂದು ಅರ್ಷಿಯಾಳ ಮುಂದೆ ಕೂತ. ಅವಳು ಹುಡುಕಿದಳು. ಮತ್ತೆ ಹುಡುಕಿದಳು. ಅವಳ ಮುಖ ಇಳಿಯಿತು.

“ತುಂಬಿದ ಪಟ ತಯಾರಾದ ದಿನಾ ರಾತ್ರಿ ಹಸಿಪಟ ತಾನ ಅಳಿಸಿಹೋಗ್ತೈತ್ರಿ ಸರ್. ಜಾಗಾ ಉಳಿಸಾಕ ಹಂಗ ಮಾಡೀವಿ. ನೀವು ಅವತ್ತ ಒಯ್ದ ಅಚ್ಚು ಬಿಟ್ರ, ಇವತ್ತಿನತನಕ ಯಾರೂ ಅದನ್ನ ಕೇಳಿಲ್ರಿ.”

ಅದೇ ಮಧ್ಯಾಹ್ನ ಚಂಪಾವತಿಯನ್ನು ಕರೆತಂದು ಮತ್ತೆ ಮಲಗಿಸಿದರು. ಅರ್ಷಿಯಾ ಎರಡೂ ಗುಂಡಿಗಳಿಂದ ಕೈ ದೂರ ಇಟ್ಟು ಕೂತಳು. ಅಡಿವೆಪ್ಪ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡ. ಬೂದು ಬಂತು. ಬೂದು ಹಾಗೇ ಉಳಿಯಿತು. ನಿದ್ದೆಯಲ್ಲಿ ಅವಳ ರೆಪ್ಪೆಗಳು ಅದುರುತ್ತಿದ್ದವು, ಮಣಿಕಟ್ಟು ಮೆಲ್ಲಗೆ ಅಲುಗುತ್ತಿತ್ತು. ಪರದೆಯಲ್ಲಿ ಮಾತ್ರ ಒಂದು ಚುಕ್ಕೆಯೂ ಮೂಡಲಿಲ್ಲ.

ಎಚ್ಚರಾದವಳು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. “ಸಪ್ಪಳ ಬಂತ್ರಿ. ಕಾಳು ಮೊರಕ್ಕ ಬೀಳೂ ಸಪ್ಪಳ. ಕಾಣಲಿಲ್ಲ.”

“ನಾ ಅವತ್ತ ಅದನ್ನ ನಿಲ್ಲಸಬಾರದಿತ್ರಿ ಟೀಚರ್,” ಎಂದಳು ಅರ್ಷಿಯಾ.

“ನೀ ಒಮ್ಮೆ ಗುಂಡಿ ಒತ್ತೀದಿ, ಬಿಡವಾ. ನಮ್ಮ ಮನಿಯಾಗಿನ ಯಂತ್ರ ಲಗ್ನ ಆದಾಗಿಂದ ಒತ್ತಾಕತ್ತೈತಿ.”

ಅಡಿವೆಪ್ಪ ಕುರ್ಚಿ ಸರಿಸಿ ಎದ್ದ. ಮೆಹರವಾಡೆಯ ಕೋಣೆಗೆ ನುಗ್ಗಿ, ಚೆನ್ನಮ್ಮ ಸರ್ಕಲ್ಲಿನಲ್ಲಿ ಆಗಲೇ ಏರಿದ್ದ ದೋಣಿಯ ಬೋರ್ಡು ಇಳಿಸು ಎಂದ. ಅದು ನನ್ನ ಹೆಂಡತಿಯ ಕನಸಲ್ಲ, ಅವಳ ಕನಸು ಜೋಳ ಎಂದ.

“ಜ್ವಾಳದ ಪಟ ಯಾರಿಗೆ ಬೇಕ್ರಿ ಸರ್?” ಮೆಹರವಾಡೆಗೆ ನಿಜಕ್ಕೂ ಅರ್ಥವಾಗಿರಲಿಲ್ಲ. “ಅದರಾಗ ಕನಸೇನೈತಿ? ಮಂದಿ ದೋಣಿ ನೋಡಿ ಕಣ್ಣೀರ ಹಾಕಾಕತ್ತಾರ. ನಿಮ್ಮ ಮನಿಯವರಿಗೆ ಎಷ್ಟ ಹೆಸರ ಬಂತು ನೋಡ್ರಿ.”

ಅಡಿವೆಪ್ಪ ಕೆಲಸ ಬಿಟ್ಟು ಬಂದ. ಬೋರ್ಡು ಅಲ್ಲೇ ಉಳಿಯಿತು. ಕಾಯಿಪಲ್ಯೆಯವಳಿಂದ ಹಿಡಿದು ಹಳೆಯ ಶಿಷ್ಯರವರೆಗೆ ಎಲ್ಲರೂ ಚಂಪಾವತಿಯ ನಕ್ಷತ್ರದ ದೋಣಿಯನ್ನು ಹೊಗಳಿ ಹೋದರು. ಅವಳು “ಹೌದ್ರಿ, ಹೌದ್ರಿ” ಎಂದು ಕೇಳಿಸಿಕೊಂಡಳು. ಅಡಿವೆಪ್ಪ ಒಳಕೋಣೆಯಲ್ಲಿ ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಆಮೇಲೆ ಅವನು ಬಾಗಿಲನ್ನು ಅಲಗಿನಿಂದ ಕೆರೆದು ತೆಗೆದ. ಗಟ್ಟಿಯಾದ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿತು. ಸ್ಟೂಲೊಂದನ್ನು ಕ್ಯಾನ್ವಾಸಿನ ಪಕ್ಕಕ್ಕೆ ಎಳೆದು ಅವಳನ್ನು ಕೂರಿಸಿದ.

“ಬೆಳಕ ಯಾವ ಕಡಿಂದ ಬರ್ತಿತ್ತು?”

“ಎಡಗಡಿಂದ. ಇಳಿಹೊತ್ತು.”

“ಮೊರ ಹೊಸಾದೋ ಹಳೇದೋ?”

“ಹಳೇದು. ಸಗಣಿ ಬಳದದ್ದು, ಬಲಗಡೆ ಮೂಲ್ಯಾಗ ಹರದೈತಿ.”

“ಬಳಿ ಯಾವ ಹಸರು?”

ಅವಳು ತಡವರಿಸಿದಳು. ನೆನಪಿಸಿಕೊಳ್ಳಲು ಹೋದರೆ ಹಸಿರೇ ಕೈಗೆ ಸಿಗಲೊಲ್ಲದು. “ಹೆಸರಕಾಳಿನ ಹಸರು ಇರಬೇಕ್ರಿ,” ಎಂದಳು ಕೊನೆಗೆ. ಅವನು ಅಡಿಗೆಮನೆಯಿಂದ ಹಿಡಿ ಹೆಸರುಕಾಳು ತಂದು ತಟ್ಟೆಯಲ್ಲಿಟ್ಟುಕೊಂಡು ಬಣ್ಣ ಕಲಸಿದ. ಸರಿಬರಲಿಲ್ಲ, ಒರೆಸಿದ, ಮತ್ತೆ ಕಲಸಿದ. ಅವಳಿಗೂ ಮರೆವು, ಅವನಿಗೂ ಕಾಣದು. ಇಬ್ಬರಿಗೂ ಕೋಪ ಬರುತ್ತಿತ್ತು. ಅವನ ಕೈ ಮೊರದ ಹಿಂದೆ ಏನಾದರೊಂದು ವಿಚಿತ್ರ ತಂದು ನಿಲ್ಲಿಸಲು ತುರಿಸುತ್ತಿತ್ತು. ಹಿಂದೆ ಏನಿತ್ತು ಎಂದು ಕೇಳಿದ. ಗೋಡೆ ಎಂದಳು. ಗೋಡೆ ಬರೆದ. ಕಾಳುಗಳನ್ನು ಒಂದೊಂದಾಗಿ ಎತ್ತರಿಸಿ ಇಟ್ಟ, ಕಣ್ಣು ನೀರೂರಿತು, ಕತ್ತು ನೋಯಿತು. ಬರಬರುತ್ತ ಅದು ಯಾರ ಕಣ್ಣಿಗೂ ಬೀಳದಷ್ಟು ಸಾದಾ ಚಿತ್ರವಾಯಿತು. ಅವನ ಹೆಸರು ಹಾಕದಿದ್ದರೆ ಕಂಚಗಾರನದೆಂದು ಯಾರೂ ಗುರುತಿಸುವಂತಿರಲಿಲ್ಲ. ಅವನು ಹೆಸರು ಹಾಕಲಿಲ್ಲ.

ಬಣ್ಣ ಇನ್ನೂ ಅರೆಹಸಿ ಇರುವಾಗಲೇ ಅವಳನ್ನು ಕರೆದ. ಅಷ್ಟು ಹಸಿಯಲ್ಲಿ ಯಾರಿಗೂ ಚಿತ್ರ ಮುಟ್ಟಗೊಟ್ಟವನಲ್ಲ.

ಚಂಪಾವತಿ ಮೊದಲು ಮೊರದ ಅಂಚು ಹಿಡಿದಳು. ಹರಿದ ಮೂಲೆಯಲ್ಲಿ ಬೆರಳು ನಿಂತಿತು. ಬಳೆಗಳನ್ನು ದಾಟಿ ಕಾಳುಗಳ ನಡುವೆ ಇಳಿದಳು. ಎರಡೂ ಕೈಯ ಬೆರಳ ತುದಿಗಳು ಕಾಳುಗಳನ್ನು ಆಚೆಗೀಚೆಗೆ ಸರಿಸುವಂತೆ ನಿಧಾನ ಓಡಾಡಿದವು. ಅವಳ ಮುಖ ಚಿತ್ರದ ಕಡೆಗೆ ಇರಲಿಲ್ಲ, ಗೋಡೆಯ ಕಡೆಗಿತ್ತು.

ಮೊರದ ಬಾಯಿಯ ಹತ್ತಿರ, ಅಡಿಗೆಮನೆಯ ಜೋಳದಿಂದಲೇ ಆರಿಸಿ ಅವನು ಬಣ್ಣದಲ್ಲಿ ಹೂತಿದ್ದ ಸಣ್ಣ ಹರಳೊಂದಿತ್ತು. ಅವಳ ಬೆರಳು ಅಲ್ಲಿಗೆ ಬಂದು ತಡೆಯಿತು. ಒಮ್ಮೆ ಸವರಿತು. ಮತ್ತೊಮ್ಮೆ ಸವರಿತು. ಆಮೇಲೆ ಹೆಬ್ಬೆರಳ ಉಗುರು ಹಾಕಿ, ಸುತ್ತಲ ಬಣ್ಣದ ಸಮೇತ ಅದನ್ನು ಕಿತ್ತು, ಎಡಗಡೆಗೆ ನೆಲದ ಮೇಲೆ ಒಗೆದಳು.

“ಹಸನಾತ್ರಿ,” ಎಂದಳು.